ಒಂದು ಜೊತೆ

ಅಳತೆ ಕೊಡುವಾಗ ಎಲ್ಲರೂ ಬರಿಗಾಲಿನವರೇ.
ಕರ್ನಲ್ ಆಲಿಸ್ಟರ್ ಕ್ರೀಲ್ಮನ್ ಚಾಚಿದ್ದು ಒಂದೇ ಕಾಲು, ಬಲದ್ದು.
ಎಡಗಡೆ ಮೊಣಕಾಲ ಕೆಳಗೆ ಬೀಚ್ ಮರದ ಗೂಟ,
ತುದಿಗೊಂದು ರಬ್ಬರಿನ ಬಿರಡೆ.
'ಇದಕ್ಕೆ ಚಳಿಯಿಲ್ಲ, ಆಣಿಯಿಲ್ಲ,' ಅಂದರು.
'ಮರದ ಪಾದ ಮಾಡಿಸಿ, ಬಣ್ಣ ಹಚ್ಚಿ, ಬೂಟು ತೊಡಿಸಿ
ಯಾರನ್ನು ನಂಬಿಸಬೇಕು?'

ಹಾಗಂದವರೇ ಬರೆಸಿದರು: ಒಂದು ಜೊತೆ.
ಬಲ, ಹತ್ತು. ಎಡ, ಒಂಬತ್ತೂವರೆ,
ಹೆಬ್ಬೆರಳ ಹತ್ತಿರ ತುಸು ಸಡಿಲ.
ನಾನು ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಮುಖ ನೋಡಿದೆ.
ಅವರು ಕಿಟಕಿಯಾಚೆ ಬಂದರು ನೋಡುತ್ತಿದ್ದರು,
ಏಡಿಬುಟ್ಟಿ ಪೇರಿಸಿದ ದೋಣಿಯೊಂದು ಮಂಜಿನಲ್ಲಿ ಅರ್ಧ ಕಾಣುತ್ತಿತ್ತು.
ಹಣ ಎರಡಕ್ಕೂ ಕೊಟ್ಟರು. ಒಯ್ದದ್ದು ಬಲದ್ದೊಂದು.
ಎಡದ್ದಕ್ಕೆ ಚೀಟಿ:
ಎನಿಯಸ್ ಗಿಲಿಸ್, ಗಣಿಸಾಲು, ಮನೆ ಹದಿನೇಳು, ಕೇಪ್ ಬ್ರೆಟನ್.
ಕಳಿಸಿದವರ ಹೆಸರು ಬೇಡ.

ಮುಂದಿನದು ಊರಿಗೆಲ್ಲ ಗೊತ್ತು. ಪ್ರಾಂತ್ಯದ ಗವರ್ನರ್ ಆದರು.
ಹ್ಯಾಲಿಫ್ಯಾಕ್ಸಿನ ಕಲ್ಲಿನ ಮನೆ, ಬಾಗಿಲಿಗೆ ಕಾವಲು,
ಭುಜಕ್ಕೆ ಚಿನ್ನದ ಜಾಲರಿ.
ಮಸೂದೆಗಳಿಗೆ ರುಜು ಹಾಕಿದರು, ಹೊಸ ಹಡಗಿಗೆ ಷಾಂಪೇನ್ ಒಡೆದರು,
ನೂರು ದಾಟಿದ ಅಜ್ಜಿಯರಿಗೆ ಹೂ ಕೊಟ್ಟು ಕೆನ್ನೆ ಒಡ್ಡಿದರು.
ಅಪ್ಪನ ಮರದ ಮಿಲ್ಲು ಮಾರಿ ಬಂದ ಹಣ
ಕ್ಷಯದ ಆಸ್ಪತ್ರೆಯಾಯಿತು, ಕಿವುಡು ಮಕ್ಕಳ ಶಾಲೆಯಾಯಿತು,
ದ್ವೀಪದಿಂದ ದ್ವೀಪಕ್ಕೆ ಪುಸ್ತಕ ಹೊರುವ ದೋಣಿಯಾಯಿತು.
ನನ್ನ ತಂಗಿ ಆಂಜೆಲಿಕ್ ಆ ಆಸ್ಪತ್ರೆಯಲ್ಲಿ
ಎರಡು ಚಳಿಗಾಲ ಮಲಗಿ ಎದ್ದು ಬಂದಳು.
ನಾನು ಋಣದ ಮಾತೆತ್ತಿದರೆ
'ಆ ಹಿಮ್ಮಡಿ ಸರಿಮಾಡು, ಕಚ್ಚುತ್ತದೆ,' ಅನ್ನುತ್ತಿದ್ದರು.

ಇಪ್ಪತ್ತಾರು ವರ್ಷ. ವರ್ಷಕ್ಕೊಂದು ಜೊತೆ.
ಒಂದೇ ತೊಗಲು, ಒಂದೇ ಮೇಣದ ದಾರ.
ಬಲದ್ದು ನೆಲಗಂಬಳಿ ತುಳಿಯಿತು, ಎಡದ್ದು ಕಲ್ಲಿದ್ದಲ ಬೂದಿ.

ಒಮ್ಮೆ, ಒಂದೇ ಒಮ್ಮೆ, ಹಿಮಗಾಳಿಗೆ ರಸ್ತೆ ಮುಚ್ಚಿ
ಗವರ್ನರ್ ನನ್ನ ಒಲೆಯ ಪಕ್ಕ ರಾತ್ರಿ ಕಳೆದರು.
ಇಟಲಿಯ ಒಂದು ಹೊಳೆ. ಡಿಸೆಂಬರ್. ಕೆಸರು.
ನೆಲಬಾಂಬು ಹುಡುಕುವವರು ಬರಲು ಒಂದು ಗಂಟೆ ಬೇಕಿತ್ತು.
'ಒಂದೇ ಗಂಟೆ, ಥಿಯೋಫಿಲ್. ನಾನು ಗಡಿಯಾರ ನೋಡಿ
ದಾಟಿ ಅಂದೆ.
ಮೂವರು ಅಲ್ಲೇ ಹೋದರು. ನಾಲ್ಕನೆಯವನು ಗಿಲಿಸ್.
ಅವನನ್ನು ಎತ್ತಲು ಹೋದವನು ನಾನು.'
ಸೌದೆ ಸಿಡಿಯಿತು.
'ಪದಕ ಕೊಟ್ಟದ್ದು ಎತ್ತಲು ಹೋದದ್ದಕ್ಕೆ.'
ಬೆಳಗಿನ ತನಕ ನಾನು ಡಬ್ಬಿಯ ಮೊಳೆ ಎಣಿಸಿದೆ.

ಏಪ್ರಿಲಿನಲ್ಲಿ ತೀರಿಕೊಂಡರು. ತುತ್ತೂರಿ, ಗುಂಡು, ಧ್ವಜ.
ಪತ್ರಿಕೆ ಮೂರು ಕಾಲಂ ದಾನಗಳ ಪಟ್ಟಿ ಹಾಕಿತು.
ಬೂಟಿನ ಸುದ್ದಿ ಇರಲಿಲ್ಲ, ಸದ್ಯ.
ನನ್ನ ಕಪಾಟಿನಲ್ಲಿ ಆ ವರ್ಷದ ಜೊತೆ, ಹೊಳಪು ಕೊಟ್ಟು ಇಟ್ಟದ್ದು.

ಮೇ ತಿಂಗಳ ಒಂದು ಮಂಗಳವಾರ
ಟಕ್ ಅಂತೊಂದು ಸದ್ದು, ಸರ್ ಅಂತೊಂದು.
ಬಲ್ಲ ಸದ್ದೇ, ಎಡಬಲ ಅದಲುಬದಲಾಗಿ.
ಬಾಗಿಲಲ್ಲಿ ಮುದುಕ. ಬಲಗಡೆ ಗೂಟ,
ಎಡಗಾಲಲ್ಲಿ ನನ್ನದೇ ಹೊಲಿಗೆ.
ಟೋಪಿ ತೆಗೆದು ಕೆಮ್ಮಿದ, ಗಣಿಯವರ ಕೆಮ್ಮು.
'ಪೆಟ್ಟಿಗೆಯ ಮೇಲೆ ಅಂಚೆಮುದ್ರೆ ನಿಮ್ಮೂರದ್ದು,' ಅಂದ.
'ಸರ್ಕಾರ ಇಷ್ಟು ಮೆತ್ತಗಿನ ತೊಗಲು ಕೊಡುವುದಿಲ್ಲ.
ಮೊದಲ ವರ್ಷವೇ ತಿಳಿಯಿತು.
ಇನ್ನೊಂದನ್ನು ತೊಟ್ಟವರಿಗೆ ಹೇಳಬೇಕಿತ್ತು...'
ಏನು ಹೇಳಬೇಕಿತ್ತೋ, ಕ್ಷಮೆಯೋ ಶಾಪವೋ,
ಹೆಬ್ಬೆರಳ ಹತ್ತಿರ ಇನ್ನಷ್ಟು ಸಡಿಲ ಬೇಕೆಂದೋ,
ನಾನು ಕೇಳಲಿಲ್ಲ.

ಕಪಾಟಿನಿಂದ ಎರಡನ್ನೂ ಇಳಿಸಿದೆ.
ಅವನು ಎಡದ್ದನ್ನು ಮುಟ್ಟಲಿಲ್ಲ.
ಬಲದ್ದನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಕೈ ತೂರಿಸಿ,
ಬೆರಳುಗಳ ಜಾಗದವರೆಗೂ ತೂರಿಸಿ,
ಬಹಳ ಹೊತ್ತು ಹಾಗೇ ಕೂತಿದ್ದ.
ಯಾರೂ ಇನ್ನೂ ತೊಡದ ಬೂಟು,
ಒಳಗೆಲ್ಲ ತಣ್ಣಗೆ.